ಫ್ರಾಂಕ್‌ಫರ್ಟಿಗೆ ಹೊಸದಾಗಿ ಬಂದ ಇಬ್ಬರು ಹೆಣ್ಣುಮಕ್ಕಳ ಅಮ್ಮನಿಗೆ

ನಿಮ್ಮ ಪ್ರಶ್ನೆ ಓದಿದೆ. ಜರ್ಮನಿಯ ಫ್ರಾಂಕ್‌ಫರ್ಟಿಗೆ ಬಂದು ಕೆಲವೇ ತಿಂಗಳಾಗಿದೆ. ಯಜಮಾನರಿಗೆ ಬ್ಲೂ ಕಾರ್ಡ್ (ಓದಿದ ವಿದೇಶಿ ಕೆಲಸಗಾರರಿಗೆ ಕೊಡುವ ಪರವಾನಗಿ) ಮೇಲೆ ಕೆಲಸ. ನೀವು ಊರಿನ ಕೆಲಸ ಬಿಟ್ಟು ಬಂದಿದ್ದೀರಿ. ದೊಡ್ಡ ಮಗಳಿಗೆ ನಾಲ್ಕು ವರ್ಷ, ಚಿಕ್ಕವಳಿಗೆ ಒಂದೂವರೆ. "ಇಲ್ಲಿಗೆ ಬಂದರೆ ಮಕ್ಕಳ ಜೊತೆ ಸಮಯ ಸಿಗುತ್ತದೆ ಅಂದುಕೊಂಡಿದ್ದೆ ಅಕ್ಕಾ. ನೋಡಿದರೆ ಬೆಳಗಿನಿಂದ ರಾತ್ರಿವರೆಗೆ ಬಟ್ಟೆ ಹಾಕು, ತಿನ್ನಿಸು, ಒರೆಸು, ಮಡಚು, ಇಷ್ಟೇ ಆಗಿದೆ. ಈ ದಿನಗಳು ಮತ್ತೆ ಬರಲ್ಲ, ಅನುಭವಿಸು ಅಂತ ಎಲ್ಲರೂ ಹೇಳುತ್ತಾರೆ. ಯಾವಾಗ ಅನುಭವಿಸಲಿ? ಹೊರದೇಶದ ಜೀವನ ಹೀಗೇನಾ?" ಅಂತ ಕೇಳಿದ್ದೀರಿ.

ಹೌದು, ಹೀಗೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲಿ ದಿನಾ ಬಂದು ಪಾತ್ರೆ ತೊಳೆದು ನೆಲ ಒರೆಸಿ ಹೋಗುವವರು ಸಿಗುವುದಿಲ್ಲ. ಮಗುವನ್ನು ಹತ್ತು ನಿಮಿಷ ಎತ್ತಿಕೊಳ್ಳಲು ಅಜ್ಜಿ ಇಲ್ಲ, ಅತ್ತೆ ಇಲ್ಲ, ಎದುರು ಮನೆಯ ಆಂಟಿ ಇಲ್ಲ. ಕೆಲಸ ಎಲ್ಲ ಮುಗಿಸಿ ಆಮೇಲೆ ಮಕ್ಕಳ ಜೊತೆ ಕೂರೋಣ ಅಂತ ಕಾದರೆ, ಕೆಲಸ ಮುಗಿಯುವ ಹೊತ್ತಿಗೆ ಅವರಿಗೆ ನಿದ್ದೆ ಬಂದಿರುತ್ತದೆ.

ನಾನು ಬಂದಾಗ ನನ್ನ ದೊಡ್ಡವಳು ಕೂಸು. ಚಿಕ್ಕವಳು ಇಲ್ಲೇ ಹುಟ್ಟಿದವಳು. ಈಗ ಒಬ್ಬಳಿಗೆ ಹನ್ನೊಂದು, ಇನ್ನೊಬ್ಬಳಿಗೆ ಎಂಟು. ನಾವು ಪ್ಯಾರಿಸ್ ನೋಡಿದೆವು, ಸ್ವಿಟ್ಜರ್ಲೆಂಡಿಗೆ ಹೋಗಿ ಬಂದೆವು, ಫೋಟೋ ಬೇಕಾದಷ್ಟಿವೆ. ಆದರೆ ಮಕ್ಕಳ ಚಿಕ್ಕಂದಿನದು ಅಂತ ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ಬಟ್ಟೆ ಹಾಕಿದ, ತಿನ್ನಿಸಿದ, ಒರೆಸಿದ ಹೊತ್ತುಗಳೇ. ಅದಕ್ಕೇ ಹೇಳುತ್ತೇನೆ, ಮಕ್ಕಳ ಜೊತೆಗಿನ ಸಮಯ ಬೇರೆ ಎಲ್ಲೋ ಇದೆ ಅಂತ ಹುಡುಕಬೇಡಿ. ನೀವು ಪಟ್ಟಿ ಮಾಡಿದ ಕೆಲಸಗಳ ಒಳಗೇ ಅದು ಇದೆ. ಅದು ಕೈಗೆ ಸಿಗಬೇಕಾದರೆ ಎರಡು ಆಗಬೇಕು. ಆ ಕೆಲಸಗಳು ಸ್ವಲ್ಪ ನಿಧಾನವಾಗಬೇಕು. ನಿಮ್ಮ ಮೇಲಿನ ಭಾರ ಸ್ವಲ್ಪ ಇಳಿಯಬೇಕು. ಎರಡನೆಯದಕ್ಕೆ ಈ ದೇಶದಲ್ಲಿ ಒಳ್ಳೆಯ ದಾರಿಗಳಿವೆ, ಹೇಳುತ್ತೇನೆ.

ಬೆಳಗಿನ ಬಟ್ಟೆಯ ವಿಷಯ ತೆಗೆದುಕೊಳ್ಳಿ. ಚಳಿಗಾಲ ಬಂದರೆ ಟೈಟ್ಸ್, ಅದರ ಮೇಲೆ ಪ್ಯಾಂಟು, ಸ್ವೆಟರ್, ಜಾಕೆಟ್, ಟೋಪಿ, ಕೈಗವಸು. ಮಳೆ ಇದ್ದರೆ ಎಲ್ಲದರ ಮೇಲೆ ಮಾಚ್‌ಹೋಝೆ ಅನ್ನುವ ನೀರು ಇಳಿಯದ ದೊಗಲೆ ಪ್ಯಾಂಟು. ಮಳೆ ಬಂದರೂ ಕಿಟಾದವರು, ಅಂದರೆ ಇಲ್ಲಿನ ಶಿಶುವಿಹಾರದವರು, ಮಕ್ಕಳನ್ನು ಹೊರಗೆ ಆಡಲು ಬಿಡುತ್ತಾರೆ, ಅದಕ್ಕೆ ಇದು ಬೇಕೇ ಬೇಕು. ಅದರ ಕಾಲಿನ ತುದಿಯಲ್ಲಿ ಒಂದು ಇಲಾಸ್ಟಿಕ್ ಪಟ್ಟಿ ಇರುತ್ತದೆ, ಅದನ್ನು ಬೂಟಿನ ಅಡಿಗೆ ಎಳೆದು ಸಿಕ್ಕಿಸಬೇಕು. ನನ್ನ ಚಿಕ್ಕವಳಿಗೆ ಎರಡು ವರ್ಷ ದಾಟಿದ ಮೇಲೆ ಎಲ್ಲದಕ್ಕೂ "ನಾನೇ". ಬಾಗಿಲ ಹತ್ತಿರ ನೆಲದ ಮೇಲೆ ಕೂತು ಎರಡೂ ಕಾಲನ್ನು ಪ್ಯಾಂಟಿನ ಒಂದೇ ಕಾಲಿನೊಳಗೆ ತೂರಿಸಿ ಏಳಲು ನೋಡುತ್ತಿದ್ದಳು. ಆಗದಿದ್ದಾಗ ಅಳುತ್ತಿರಲಿಲ್ಲ, ಕಾಲು ಹೊರಗೆ ತೆಗೆದು ಮತ್ತೆ ಅದನ್ನೇ ಮಾಡುತ್ತಿದ್ದಳು. ನಾನೂ ನೆಲಕ್ಕೆ ಕೂತು ನೋಡುತ್ತಿದ್ದೆ. ಕೊನೆಗೆ ಜಾಕೆಟ್ಟಿನ ಜಿಪ್ ಮಾತ್ರ ಅಕ್ಕನ ಪಾಲು. ದೊಡ್ಡವಳು ತಂಗಿಯ ಗದ್ದವನ್ನು ಎಡಗೈ ಬೆರಳಿನಿಂದ ಮೇಲಕ್ಕೆತ್ತಿ ಹಿಡಿದು, ಚರ್ಮ ಸಿಕ್ಕಿಕೊಳ್ಳದ ಹಾಗೆ ಬಲಗೈಯಲ್ಲಿ ಜಿಪ್ ಎಳೆಯುತ್ತಿದ್ದಳು. ಅದನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ನಾನು ಅವಳಿಗೆ ಹಾಗೆ ಮಾಡುತ್ತಿದ್ದುದನ್ನು ನೋಡಿ ಕಲಿತಿದ್ದಳು.

ಇದನ್ನು ನೋಡಲು ನನಗೆ ಬೇಕಾಗಿದ್ದು ಬೆಳಿಗ್ಗೆ ಇಪ್ಪತ್ತು ನಿಮಿಷ ಜಾಸ್ತಿ, ಅಷ್ಟೇ. ಬೆಳಿಗ್ಗೆ ಬೇಗ ಏಳುವುದು ಕಷ್ಟ ಅನ್ನುವುದಾದರೆ ರಾತ್ರಿಯೇ ಬಟ್ಟೆಗಳನ್ನು ಹಾಕುವ ಕ್ರಮದಲ್ಲಿ ನೆಲದ ಮೇಲೆ ಜೋಡಿಸಿಡಿ. ತಿಂಡಿ ಡಬ್ಬಿಯನ್ನೂ ರಾತ್ರಿಯೇ ತುಂಬಿಡಿ. ಅವಸರ ಇದ್ದರೆ ನಾವು ಮಗುವಿನ ಕಾಲನ್ನು ನೋಡುತ್ತೇವೆ, ಪ್ಯಾಂಟನ್ನು ನೋಡುತ್ತೇವೆ, ಮುಖ ನೋಡುವುದಿಲ್ಲ.

ದಾರಿಯೂ ಹಾಗೆಯೇ. ಇಲ್ಲಿ ನಡೆಯಲು ಫುಟ್‌ಪಾತ್ ಇದೆ, ಅದು ದೊಡ್ಡ ಭಾಗ್ಯ. ಎಂಟು ವರ್ಷದೊಳಗಿನ ಮಕ್ಕಳು ಸೈಕಲ್ಲನ್ನು ಫುಟ್‌ಪಾತ್ ಮೇಲೆಯೇ ಓಡಿಸಬೇಕು ಅಂತ ನಿಯಮ, ಜೊತೆಗೆ ಹೋಗುವ ದೊಡ್ಡವರೂ ಅವರ ಜೊತೆ ಅಲ್ಲೇ ಓಡಿಸಬಹುದು. ನಿಮ್ಮ ಚಿಕ್ಕವಳಿಗೆ ಎರಡು ತುಂಬಿದಾಗ ಒಂದು ಲೌಫ್‌ರಾಡ್ ಕೊಡಿಸಿ. ಅದು ಪೆಡಲ್ ಇಲ್ಲದ ಪುಟ್ಟ ಸೈಕಲ್, ಕಾಲಿನಿಂದ ನೆಲ ಒದ್ದುಕೊಂಡು ಹೋಗುವುದು. ಹೊಸದೇ ಬೇಕಿಲ್ಲ. ಫ್ಲೋಮಾರ್ಕ್ಟ್ ಅನ್ನುವ ಹಳೇ ಸಾಮಾನಿನ ಸಂತೆಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ಶರತ್ಕಾಲದಲ್ಲಿ ಗ್ರೂನೆಬುರ್ಗ್‌ಪಾರ್ಕಿನ ಕಡೆ ಹೋದರೆ ಕಾಡು ಚೆಸ್ಟ್‌ನಟ್ ಬೀಜ ಬಿದ್ದಿರುತ್ತವೆ. ತಿನ್ನುವುದಕ್ಕೆ ಬರುವುದಿಲ್ಲ, ಆದರೆ ಕಂದು ಬಣ್ಣ, ನುಣುಪು, ಮಕ್ಕಳ ಕೈಗೆ ಸರಿಯಾದ ಗಾತ್ರ. ನನ್ನ ಮಕ್ಕಳು ಮೊದಲು ಕೋಟಿನ ಜೇಬು ತುಂಬಿಸುತ್ತಿದ್ದರು, ಆಮೇಲೆ ಟೋಪಿ, ಆಮೇಲೆ ನನ್ನ ಚೀಲ. ಐದು ನಿಮಿಷದ ದಾರಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಹಿಡಿಯಲಿ ಬಿಡಿ. ಮನೆಗೆ ಹೋಗಿ ಏನು ಮಾಡುವುದಿತ್ತು, ಅದೇ ಮಡಚುವ ಬಟ್ಟೆ ತಾನೇ.

ಇನ್ನು ಭಾರ ಇಳಿಸುವ ಮಾತು. ದೊಡ್ಡವಳನ್ನು ಕಿಟಾಗೆ ಕಳಿಸಬೇಕಾ ಬೇಡವಾ, ಕಳಿಸಿದರೆ ಸಮಯ ಇನ್ನೂ ಕಡಿಮೆ ಆಗುತ್ತದಲ್ಲ ಅಂತಲೂ ಕೇಳಿದ್ದೀರಿ. ಕಳಿಸಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ. 2013ರ ಆಗಸ್ಟ್ 1ರಿಂದ ಈ ದೇಶದಲ್ಲಿ ಒಂದು ವರ್ಷ ತುಂಬಿದ ಮಗುವಿಗೆ ಕಿಟಾ ಅಥವಾ ಡೇಕೇರ್ ಜಾಗ ಸಿಗುವುದು ಕಾನೂನಿನ ಹಕ್ಕು. ಫ್ರಾಂಕ್‌ಫರ್ಟ್ ಇರುವ ಹೆಸ್ಸೆನ್ ರಾಜ್ಯದಲ್ಲಿ ಮೂರು ವರ್ಷ ತುಂಬಿದ ಮೇಲೆ ದಿನಕ್ಕೆ ಆರು ಗಂಟೆಯವರೆಗೆ ಶುಲ್ಕವೂ ಇಲ್ಲ, 2018ರಿಂದ ಹೀಗಿದೆ. ಊಟದ ಹಣ ಬೇರೆ ಕೊಡಬೇಕು. ಹಕ್ಕು ಇದ್ದರೂ ಜಾಗ ಸಿಗುವುದು ನಿಧಾನ, ಆದ್ದರಿಂದ ನಗರದ ಆನ್‌ಲೈನ್ ಪೋರ್ಟಲ್‌ನಲ್ಲಿ ಇಬ್ಬರ ಹೆಸರನ್ನೂ ಈಗಲೇ ಹಾಕಿ. ಹತ್ತಿರದ ಕಿಟಾಗಳಿಗೆ ನೀವೇ ನಡೆದು ಹೋಗಿ ಮಾತಾಡಿಸಿ, ಮಕ್ಕಳನ್ನೂ ಕರೆದುಕೊಂಡು ಹೋಗಿ.

ಜಾಗ ಸಿಕ್ಕ ಮೇಲೆ ಮೊದಲ ವಾರಗಳಲ್ಲಿ ಐನ್‌ಗೆವೋನುಂಗ್ ಅಂತ ನಡೆಯುತ್ತದೆ, ಮಗು ಹೊಂದಿಕೊಳ್ಳುವ ಕಾಲ. ಬಹಳ ಕಡೆ ಬರ್ಲಿನ್ ಮಾದರಿ ಅನುಸರಿಸುತ್ತಾರೆ. ಮೊದಲ ಮೂರು ದಿನ ಅಮ್ಮ ಅಥವಾ ಅಪ್ಪ ಮಗುವಿನ ಜೊತೆಗೇ ಸುಮಾರು ಒಂದು ಗಂಟೆ ಕೂರಬೇಕು. ನಾಲ್ಕನೆಯ ದಿನ ಸ್ವಲ್ಪ ಹೊತ್ತು ಹೊರಗೆ ಹೋಗಿ ನೋಡುವುದು. ಮಗು ಸಮಾಧಾನವಾಗಿದ್ದರೆ ಮುಂದಿನ ದಿನಗಳಲ್ಲಿ ಹೊತ್ತು ಹೆಚ್ಚಿಸುವುದು. ಕೆಲವರಿಗೆ ಇದು ರಗಳೆ ಅನ್ನಿಸುತ್ತದೆ. ನನಗೆ ಅದು ತುಂಬಾ ಇಷ್ಟವಾಗಿತ್ತು. ಆ ಗಂಟೆಯಲ್ಲಿ ನಿಮಗೆ ಅಡುಗೆ ಇಲ್ಲ, ಒಗೆತ ಇಲ್ಲ, ಫೋನೂ ಒಳಗೆ ಇಟ್ಟಿರಬೇಕು. ಒಂದು ಮೂಲೆಯ ಪುಟ್ಟ ಕುರ್ಚಿಯಲ್ಲಿ ಕೂತು ಮಗಳನ್ನು ನೋಡುವುದೇ ಕೆಲಸ. ನನ್ನ ದೊಡ್ಡವಳು ಮನೆಯಲ್ಲಿ ಗಲಾಟೆ ಹುಡುಗಿ. ಅಲ್ಲಿ ಬೇರೆ ಮಕ್ಕಳ ನಡುವೆ ಸುಮ್ಮನೆ ನಿಂತು ಎಲ್ಲವನ್ನೂ ಗಮನಿಸುತ್ತಿದ್ದಳು. ಅಳುವ ಮಗುವಿನ ಹತ್ತಿರ ಹೋಗಿ ತನ್ನ ಕೈಯಲ್ಲಿದ್ದ ಗೊಂಬೆ ಇಟ್ಟು ವಾಪಸ್ ಬಂದಳು. ಮನೆಯಲ್ಲೇ ಇದ್ದಿದ್ದರೆ ಅವಳ ಆ ಗುಣ ನನಗೆ ಗೊತ್ತಾಗುತ್ತಲೇ ಇರಲಿಲ್ಲವೇನೋ.

ದೊಡ್ಡವಳು ಹೋದ ಹೊತ್ತಿನಲ್ಲಿ ನಿಮಗೆ ಚಿಕ್ಕವಳು ಒಬ್ಬಳೇ ಸಿಗುತ್ತಾಳೆ. ಎರಡನೆಯ ಮಗುವಿಗೆ ಅಮ್ಮ ಪೂರ್ತಿಯಾಗಿ ಸಿಗುವುದು ಅಪರೂಪ, ಅಲ್ವಾ. ಅವಳಿಗೂ ಜಾಗ ಸಿಕ್ಕ ಮೇಲೆ ಭಾಷೆಯ ತರಗತಿಗೆ ಸೇರಿಕೊಳ್ಳಿ. ಇಂಟಿಗ್ರೇಷನ್ ಕೋರ್ಸ್ ಅಂದರೆ ಸಾಮಾನ್ಯವಾಗಿ 600 ಗಂಟೆ ಭಾಷೆ, 100 ಗಂಟೆ ಇಲ್ಲಿನ ಸಮಾಜ, ಕಾನೂನು, ಚರಿತ್ರೆ. ಅದು ನಿಮ್ಮ ಕೆಲಸಕ್ಕೂ ಬೇಕು, ಮಕ್ಕಳ ಜೊತೆಗಿನ ದಿನಗಳಿಗೂ ಬೇಕು. ಮಗಳು ಕಿಟಾದಿಂದ ಬಂದು ಜರ್ಮನ್ ಹಾಡು ಹಾಡಿದಾಗ ಅದು ಯಾವುದರ ಬಗ್ಗೆ ಅಂತ ನಿಮಗೂ ತಿಳಿಯಬೇಕು.

ಯಜಮಾನರ ಪಾಲಿನದು. ಇಲ್ಲಿ ಎಲ್ಟರ್ನ್‌ಟ್ಸೈಟ್, ಅಂದರೆ ಮಗುವನ್ನು ನೋಡಿಕೊಳ್ಳುವ ರಜೆ, ಅಮ್ಮಂದಿರಿಗೆ ಮಾತ್ರ ಅಲ್ಲ. ಕೆಲಸದಲ್ಲಿರುವ ಅಪ್ಪನಿಗೂ ಪ್ರತಿ ಮಗುವಿಗೆ ಮೂರು ವರ್ಷದವರೆಗೆ ರಜೆಯ ಹಕ್ಕಿದೆ. ಆ ಕಾಲದಲ್ಲಿ ವಾರಕ್ಕೆ 32 ಗಂಟೆಯವರೆಗೆ ಕೆಲಸ ಮಾಡಬಹುದು. ಮಗುವಿಗೆ ಮೂರು ತುಂಬುವ ಮೊದಲಿನ ರಜೆಗೆ ಏಳು ವಾರ ಮುಂಚೆ ಕಂಪನಿಗೆ ತಿಳಿಸಬೇಕು. ನಿಮ್ಮ ಚಿಕ್ಕವಳ ವಯಸ್ಸಿಗೆ ಎಲ್ಟರ್ನ್‌ಗೆಲ್ಡ್ ಅನ್ನುವ, ಆ ರಜೆಯಲ್ಲಿ ಸರ್ಕಾರ ಕೊಡುವ ಹಣ ಸಿಗುವುದಿಲ್ಲ, ರಜೆಗೆ ಸಂಬಳವೂ ಇಲ್ಲ. ಬ್ಲೂ ಕಾರ್ಡಿಗೆ ಕನಿಷ್ಠ ಸಂಬಳದ ಮಿತಿ ಬೇರೆ ಇದೆ. ಆದ್ದರಿಂದ ಗಂಟೆ ಕಡಿಮೆ ಮಾಡುವ ಮೊದಲು ಎಲ್ಲ ಲೆಕ್ಕ ಹಾಕಿ. ಇನ್ನೊಂದು, ಮಗುವಿಗೆ ಹುಷಾರಿಲ್ಲದಿದ್ದಾಗ ಸರ್ಕಾರಿ ಆರೋಗ್ಯ ವಿಮೆ ಇರುವವರಿಗೆ ಸಿಗುವ ರಜೆ. 12 ವರ್ಷದೊಳಗಿನ ಪ್ರತಿ ಮಗುವಿಗೆ, ಅಪ್ಪ ಅಮ್ಮ ಒಬ್ಬೊಬ್ಬರಿಗೂ, 2024ರಿಂದ ವರ್ಷಕ್ಕೆ 15 ದಿನ. ನೀವು ಕೆಲಸಕ್ಕೆ ಸೇರಿದ ಮೇಲೆ ಅದನ್ನು ಇಬ್ಬರೂ ಹಂಚಿಕೊಳ್ಳಿ. ಜ್ವರ ಬಂದ ಮಗು ಎದೆಗೆ ಒರಗಿ ಮಲಗುವ ಸುಖ ಅಪ್ಪನಿಗೂ ಗೊತ್ತಿರಲಿ.

ಮನೆ ಕೆಲಸದಲ್ಲಿ ಕೆಲವನ್ನು ಬಿಟ್ಟುಬಿಡಿ. ಇಸ್ತ್ರಿ ಬೇಡ. ದಿನಾ ನೆಲ ಒರೆಸುವುದು ಬೇಡ. ಇಲ್ಲಿ ಅಷ್ಟು ಧೂಳಿಲ್ಲ.

ಮೊದಲ ಚಳಿಗಾಲ ನಿಮಗೆ ಕಷ್ಟವಾಗುತ್ತದೆ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಬೆಳಿಗ್ಗೆ ಎಂಟೂ ಕಾಲು ದಾಟಿದ ಮೇಲೆ ಸೂರ್ಯ ಹುಟ್ಟುತ್ತಾನೆ, ಸಂಜೆ ನಾಲ್ಕೂವರೆಯ ಹೊತ್ತಿಗೆ ಮುಳುಗುತ್ತಾನೆ. ಆಮೇಲೆ ಮಕ್ಕಳು ಮಲಗುವವರೆಗೆ ಮೂರು ನಾಲ್ಕು ಗಂಟೆ ಮನೆಯೊಳಗೇ ಇರಬೇಕು. ಮೊದಮೊದಲು ಆ ಗಂಟೆಗಳನ್ನು ಕಂಡರೆ ಹೆದರಿಕೆ ಆಗುತ್ತದೆ. ನನಗೆ ಈಗ ಅತ್ಯಂತ ಪ್ರೀತಿಯಿಂದ ನೆನಪಾಗುವುದು ಆ ಗಂಟೆಗಳೇ. ಬಟ್ಟೆ ಒಣಗಿಸುವ ಸ್ಟ್ಯಾಂಡ್ ಹಾಲಿನಲ್ಲೇ ಇರುತ್ತಿತ್ತು. ಹೊರಗೆ ಒಣಗುವುದಿಲ್ಲವಲ್ಲ. ಅದರ ಮೇಲೆ ಬೆಡ್‌ಶೀಟ್ ಹಾಕಿದರೆ ಕೆಳಗೆ ಒಂದು ಮನೆ. ಅಕ್ಕ ಒಳಗಿಂದ ಬಾಗಿಲು ಹಾಕುತ್ತಾಳೆ, ತಂಗಿ ಹೊರಗಿಂದ ಬಡಿಯುತ್ತಾಳೆ, "ಯಾರು?" "ನಾನು!" "ನಾನು ಅಂದರೆ ಯಾರು?" ಚಿಕ್ಕವಳಿಗೆ ತನ್ನ ಹೆಸರು ಹೇಳಬೇಕು ಅಂತ ಹೊಳೆಯುತ್ತಿರಲಿಲ್ಲ. "ನಾನೇ" ಅಂತ ಇನ್ನೂ ಜೋರಾಗಿ ಬಡಿಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಕಾಲುಚೀಲದ ಜೋಡಿ ಹುಡುಕುತ್ತಿದ್ದೆ. ಜೋಡಿ ಸಿಗದ ಕಾಲುಚೀಲಗಳನ್ನು ಅವರು ಆ ಮನೆಯ ಬಾಡಿಗೆ ಅಂತ ತೆಗೆದುಕೊಳ್ಳುತ್ತಿದ್ದರು.

ಕೆಳಗಿನ ಮನೆಯವರು ಸದ್ದು ಅಂತ ದೂರುತ್ತಾರೇನೋ ಅನ್ನುವ ಭಯವನ್ನೂ ಬರೆದಿದ್ದೀರಿ. ಮಕ್ಕಳ ಸದ್ದನ್ನು ಈ ದೇಶ ಬೇರೆ ಸದ್ದಿನ ಹಾಗೆ ನೋಡುವುದಿಲ್ಲ. ಕಿಟಾ ಮತ್ತು ಆಟದ ಮೈದಾನಗಳಿಂದ ಬರುವ ಮಕ್ಕಳ ಗದ್ದಲವನ್ನು ಸಾಮಾನ್ಯವಾಗಿ ಶಬ್ದಮಾಲಿನ್ಯ ಅಂತ ಪರಿಗಣಿಸಬಾರದು ಅಂತ 2011ರಲ್ಲಿ ಕಾನೂನಿಗೇ ಸೇರಿಸಿದ್ದಾರೆ. ಮನೆಯಲ್ಲಿ ರಾತ್ರಿ ಹತ್ತರ ಮೇಲೆ ಮತ್ತು ಭಾನುವಾರ ನಿಶ್ಶಬ್ದ ಪಾಲಿಸಬೇಕು ನಿಜ. ಆದರೆ ಮಗು ನಕ್ಕರೆ, ಅತ್ತರೆ, ಓಡಿದರೆ ಬಾಯಿ ಮುಚ್ಚಿಸಬೇಕಾಗಿಲ್ಲ. ಒಂದು ದಪ್ಪ ಕಾರ್ಪೆಟ್ ಹಾಸಿ, ಮಕ್ಕಳನ್ನು ಕರೆದುಕೊಂಡು ಹೋಗಿ ಕೆಳಗಿನವರಿಗೆ ಪರಿಚಯ ಮಾಡಿಸಿ. ಮುಖ ಗೊತ್ತಿರುವ ಮಗುವಿನ ಸದ್ದು ಯಾರಿಗೂ ಅಷ್ಟು ಕಷ್ಟವಾಗುವುದಿಲ್ಲ.

ಭಾನುವಾರ ಅಂಗಡಿ ಮುಚ್ಚಿರುತ್ತವೆ. ಮೊದಲು ಬೇಜಾರಾಗುತ್ತದೆ, ಆಮೇಲೆ ಅದೇ ಒಳ್ಳೆಯದು ಅನ್ನಿಸುತ್ತದೆ. ಸಾಕ್ಸೆನ್‌ಹೌಸೆನ್ ಬಡಾವಣೆಯ ಕಡೆ ಕಾಡಿನೊಳಗೆ ಗೋಥೆ ಟವರ್ ಇದೆ. ಹಳೆಯ ಮರದ ಗೋಪುರ 2017ರಲ್ಲಿ ಸುಟ್ಟುಹೋಗಿತ್ತು, 2020ರಲ್ಲಿ ಮತ್ತೆ ಕಟ್ಟಿದರು. ಅದರ ಪಕ್ಕದ ಆಟದ ಪಾರ್ಕಿಗೆ ಬುತ್ತಿ ಕಟ್ಟಿಕೊಂಡು ಹೋಗಿ. ಆರು ವರ್ಷದೊಳಗಿನ ಮಕ್ಕಳಿಗೆ ಬಸ್ಸು, ಟ್ರಾಮ್ ಟಿಕೆಟ್ ಇಲ್ಲ. ಮಳೆಯ ದಿನಕ್ಕೆ ಬೋರ್ನ್‌ಹೈಮ್ ಬಡಾವಣೆಯಲ್ಲಿ ಮಕ್ಕಳದೇ ದೊಡ್ಡ ಲೈಬ್ರರಿ ಇದೆ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಒಂದು ವಿಷಯ. ನಿಮ್ಮ ಇಬ್ಬರೂ ಮಕ್ಕಳು ಈಗ ಆಡುವಾಗ ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿರುತ್ತಾರೆ. ದೊಡ್ಡವಳು ಗೊಂಬೆಗೆ ಬೈಯುವುದು, ತಂಗಿಗೆ "ಹಾಗಲ್ಲ ಪುಟ್ಟಾ, ಹೀಗೆ" ಅನ್ನುವುದು, ಎಲ್ಲ ಕನ್ನಡ. ಕಿಟಾ ಶುರುವಾಗಿ ವರ್ಷ ಎರಡು ವರ್ಷದಲ್ಲಿ ಅವರ ಆಟದ ಮಾತು ಜರ್ಮನ್‌ಗೆ ತಿರುಗುವ ಸಾಧ್ಯತೆ ತುಂಬಾ ಇದೆ. ನಿಮ್ಮ ಜೊತೆ ಕನ್ನಡ ಮಾತಾಡುತ್ತಾರೆ, ನೀವು ಬಿಡದಿದ್ದರೆ ಚೆನ್ನಾಗಿಯೇ ಮಾತಾಡುತ್ತಾರೆ. ಆದರೆ ಅಕ್ಕ ತಂಗಿ ತಮ್ಮತಮ್ಮಲ್ಲಿ ಜರ್ಮನ್ ಆಡುತ್ತಾರೆ. ನನ್ನ ಮನೆಯಲ್ಲಿ ಹಾಗೇ ಆಯಿತು, ನನಗೆ ಗೊತ್ತಿರುವ ಬಹಳ ಮನೆಗಳಲ್ಲೂ ಹಾಗೇ. ಅದರಲ್ಲಿ ತಪ್ಪೇನಿಲ್ಲ, ಅದು ಅವರ ಊರಿನ ಭಾಷೆ. ಆದರೆ ಈಗಿನ ಈ ಆಟದ ಕನ್ನಡ ಮತ್ತೆ ಕೇಳಲು ಸಿಗುವುದಿಲ್ಲ. ಪಾತ್ರೆ ತೊಳೆಯುತ್ತಾ ನಲ್ಲಿ ನಿಲ್ಲಿಸಿ ಕೇಳಿಸಿಕೊಳ್ಳಿ. ಫೋನಿನಲ್ಲಿ ಧ್ವನಿ ಮಾತ್ರ ರೆಕಾರ್ಡ್ ಮಾಡಿ, ಅವರಿಗೆ ಗೊತ್ತಾಗದ ಹಾಗೆ ಪಕ್ಕಕ್ಕಿಡಿ. ಕ್ಯಾಮೆರಾ ಕಂಡರೆ ಮಕ್ಕಳು ಆಟ ಬಿಟ್ಟು ನಮ್ಮ ಕಡೆ ನೋಡುತ್ತಾರೆ. ನನ್ನ ಹತ್ತಿರ ಅಂಥವು ಕೆಲವು ಇವೆ, ಇನ್ನಷ್ಟು ಇದ್ದಿದ್ದರೆ ಅಂತ ಆಸೆಯಾಗುತ್ತದೆ.

ಊರಿಗೆ ವಿಡಿಯೋ ಕಾಲ್ ಮಾಡುವಾಗಲೂ ಇದೇ ಉಪಾಯ. "ಅಜ್ಜಿಗೆ ಹಾಯ್ ಹೇಳು, ಹಾಡು ಹೇಳು" ಅಂದರೆ ಚಿಕ್ಕವಳು ಓಡಿಹೋಗುತ್ತಾಳೆ. ಅವಳು ಊಟಕ್ಕೆ ಕೂತಾಗ ಫೋನನ್ನು ಎದುರಿಗೆ ನಿಲ್ಲಿಸಿ ನಿಮ್ಮ ಪಾಡಿಗೆ ನೀವು ಕೆಲಸ ಮಾಡಿ. ಅಜ್ಜಿಗೆ ಬೇಕಾಗಿರುವುದು ಮೊಮ್ಮಗಳು ಅನ್ನ ಚೆಲ್ಲುವುದನ್ನು ನೋಡುವುದೇ. ನನ್ನ ಅಮ್ಮ ಹಾಗೆ ನೋಡುತ್ತಾ ಅಲ್ಲಿ ತರಕಾರಿ ಹೆಚ್ಚುತ್ತಿದ್ದರು. ಯಾರೂ ಮಾತಾಡದೆ ಎಷ್ಟೋ ಹೊತ್ತು ಕಾಲ್ ಓಡುತ್ತಿತ್ತು.

"ಇಷ್ಟೆಲ್ಲ ಮಾಡಿದರೂ ಚಿಕ್ಕವಳಿಗೆ ಏನೂ ನೆನಪಿರುವುದಿಲ್ಲವಲ್ಲ" ಅಂತ ಬರೆದಿದ್ದೀರಿ. ಸರಿ, ಮೂರು ಮೂರೂವರೆ ವರ್ಷಕ್ಕಿಂತ ಮುಂಚಿನ ಘಟನೆಗಳು ದೊಡ್ಡವರಾದ ಮೇಲೆ ಸಾಮಾನ್ಯವಾಗಿ ಯಾರಿಗೂ ನೆನಪಿರುವುದಿಲ್ಲ. ಆದರೆ ಮಾತು, ಧೈರ್ಯ, ಅತ್ತಾಗ ಯಾರಾದರೂ ಬರುತ್ತಾರೆ ಅನ್ನುವ ನಂಬಿಕೆ, ಇವೆಲ್ಲ ಈ ವಯಸ್ಸಿನಲ್ಲೇ ಮಗುವಿನಲ್ಲಿ ಊರುತ್ತವೆ. ದೊಡ್ಡವಳ ವಿಷಯ ಬೇರೆ. ಆದದ್ದನ್ನು ಆಮೇಲೆ ಕೂತು ವಿವರವಾಗಿ ಮಾತಾಡುವ ಅಪ್ಪ ಅಮ್ಮ ಇದ್ದರೆ ಮಕ್ಕಳಿಗೆ ನೆನಪು ಹೆಚ್ಚು ಉಳಿಯುತ್ತದೆ ಅಂತ ಸಂಶೋಧನೆಗಳೂ ಹೇಳುತ್ತವೆ. ಹಾಸಿಗೆಯಲ್ಲಿ ದೀಪ ಆರಿಸುವ ಮೊದಲು ಆ ದಿನದ್ದನ್ನು ಮಾತಾಡಿ. "ಇವತ್ತು ಏನು ಮಾಡಿದೆ?" ಅಂದರೆ "ಏನೂ ಇಲ್ಲ" ಅನ್ನುತ್ತಾಳೆ. "ಇವತ್ತು ಸ್ಯಾಂಡ್‌ಪಿಟ್‌ನಲ್ಲಿ ಒಬ್ಬ ಹುಡುಗ ಕೆಂಪು ಬಕೆಟ್ ತಂದಿದ್ದನಲ್ಲ, ಅದರಲ್ಲಿ ಏನಿತ್ತು?" ಅಂತ ಕೇಳಿ, ಆಮೇಲೆ ನೋಡಿ.

ಮತ್ತೊಂದು ಲೆಕ್ಕ ತಲೆಯಲ್ಲಿರಲಿ. ಹೆಸ್ಸೆನ್‌ನಲ್ಲಿ ಜೂನ್ 30ರೊಳಗೆ ಆರು ತುಂಬಿದ ಮಗು ಆ ವರ್ಷವೇ ಶಾಲೆಗೆ ಸೇರಬೇಕು. ಶಾಲೆ ಇಲ್ಲಿ ಕಡ್ಡಾಯ. ರಜೆ ಬಿಟ್ಟು ಬೇರೆ ದಿನ ಊರಿಗೆ ಹೋಗುತ್ತೇವೆ ಅಂದರೆ ಬಿಡುವುದಿಲ್ಲ, ಹೇಳದೆ ಹೋದರೆ ದಂಡವೂ ಬೀಳಬಹುದು. ಆಮೇಲೆ ನಿಮ್ಮ ಊರಿನ ಪ್ರವಾಸ ಹೆಚ್ಚಾಗಿ ಬೇಸಿಗೆ ರಜೆಯ ಆರು ವಾರದೊಳಗೆ, ಟಿಕೆಟ್ ದುಬಾರಿ ಇರುವ ಕಾಲದಲ್ಲಿ. ಆದ್ದರಿಂದ ದೊಡ್ಡವಳು ಶಾಲೆಗೆ ಸೇರುವ ಮೊದಲು ಒಂದು ಸಲವಾದರೂ ನಿಧಾನವಾಗಿ ಊರಿಗೆ ಹೋಗಿ ಬನ್ನಿ. ಅಜ್ಜಿ ಮನೆಯಲ್ಲಿ ಸುಮ್ನೆ ಇರಲಿ ಮಕ್ಕಳು. ಎಲ್ಲಿಗೂ ಸುತ್ತಿಸಬೇಡಿ.

ನವೆಂಬರ್ 11ರ ಆಸುಪಾಸಿನಲ್ಲಿ ಸೇಂಟ್ ಮಾರ್ಟಿನ್ ಅನ್ನುವ ಸಂತರ ಹಬ್ಬದ ಮೆರವಣಿಗೆ ಇರುತ್ತದೆ, ಮಕ್ಕಳು ತಾವೇ ಮಾಡಿದ ಕಾಗದದ ಲಾಂದ್ರ ಹಿಡಿದು ಕತ್ತಲಲ್ಲಿ ಹಾಡುತ್ತಾ ನಡೆಯುತ್ತಾರೆ. ಕಿಟಾ ಜಾಗ ಸಿಕ್ಕಿರದಿದ್ದರೂ ಬನ್ನಿ, ಯಾರು ಬೇಕಾದರೂ ಸೇರಬಹುದಾದ ಮೆರವಣಿಗೆಗಳೂ ಇರುತ್ತವೆ. ನಾವು ಇಲ್ಲೇ ಬೋಕನ್‌ಹೈಮ್ ಬಡಾವಣೆಯಲ್ಲಿದ್ದೇವೆ. ನನ್ನ ಚಿಕ್ಕವಳು ನಿಮ್ಮ ದೊಡ್ಡವಳಿಗೆ ಲಾಂದ್ರ ಮಾಡಲು ಹೇಳಿಕೊಡುತ್ತಾಳಂತೆ, ಈಗಲೇ ಕೇಳಿದೆ.

ಹಾಂ, ಕಿಂಡರ್‌ಗೆಲ್ಡ್‌ಗೆ, ಅಂದರೆ ಮಕ್ಕಳಿಗಾಗಿ ಸರ್ಕಾರ ತಿಂಗಳು ತಿಂಗಳು ಕೊಡುವ ಹಣಕ್ಕೆ, ಅರ್ಜಿ ಹಾಕಿದಿರಾ? 2025ರಲ್ಲಿ ಒಂದು ಮಗುವಿಗೆ ತಿಂಗಳಿಗೆ 255 ಯೂರೋ ಇತ್ತು, 2026ರ ಜನವರಿಯಿಂದ 259. ಅದನ್ನು ಕೊಡುವ ಫಮೀಲಿಯನ್‌ಕಾಸ್ಸೆ ಅನ್ನುವ ಕಚೇರಿಗೆ ಅರ್ಜಿ ಹಾಕಬೇಕು. ತಡವಾದರೆ ಹಿಂದಿನ ಆರು ತಿಂಗಳದ್ದು ಮಾತ್ರ ಕೊಡುತ್ತಾರೆ, ಅದಕ್ಕಿಂತ ಹಿಂದಿನದು ಹೋಯಿತು. ಈ ವಾರವೇ ಹಾಕಿಬಿಡಿ. ಫಾರ್ಮ್ ತುಂಬಲು ಗೊತ್ತಾಗದಿದ್ದರೆ ಶನಿವಾರ ಮಕ್ಕಳನ್ನು ಕರೆದುಕೊಂಡು ಬನ್ನಿ. ಅವರು ಆಡಿಕೊಳ್ಳಲಿ, ನಾವು ತುಂಬೋಣ.